ಹಲ್ಲಿಗೂ ಮ್ಯಾಚಿಂಗ್ ನೋಡಬೇಕಾಗ್ತದ

ಮೊನ್ನೆ ಸಂಕ್ರಮಣ ಮುಗದ ಮೂರನೇ ದಿನ ನಮ್ಮ ಸಣ್ಣ ನೆಗೆಣ್ಣಿ ಗೋಕಾಕಕ್ಕ ಹೋಗಿ ಬರೋವಾಗ ಕರದಂಟು ತಂದಿದ್ಲು. ಚಹಾದ ಜೋಡಿ ಒಂದು ತುಂಡು ಬಾಯಾಗ ಹಾಕ್ಕೊಂಡೆ, ಕಟಕ್ ಅಂತು. ಗೋಡಂಬಿ ಇರಬೇಕು ಅಂತ ನಾಲಿಗೀಲೆ ಹುಡುಕಿದ್ರ ಗೋಡಂಬಿ ಅಲ್ಲ, ನನ್ನ ಮುಂದಿನ ಹಲ್ಲಿನ ಟೊಪ್ಪಿಗಿ! ಇಪ್ಪತ್ತೇಳು ವರ್ಷ ಬಾಯಾಗಿದ್ದ ಕ್ಯಾಪು ಅಂಗೈಯಾಗ ಬಂದು ಕೂತಿತ್ತು. ಒಳಗ ಕರೇ ಲೋಹ, ಹೊರಗ ಬಿಳೇ ಪಿಂಗಾಣಿ, ಸಣ್ಣ ಹುಡುಗ್ಯಾರ ಆಟಿಗಿ ಬಟ್ಟಲ ಇದ್ದಂಗ. ಖರೇ ಹೇಳ್ತೀನಿ, ನನಗ ಕೆಟ್ಟ ಅನಸ್ಲಿಲ್ಲ. ಪೀಡಾ ಹೋತು ಅನಸ್ತು.

ನಮ್ಮ ಓಣಿ ಹಳೇ ಮಂದಿಗೆ ಈ ಹಲ್ಲಿನ ಕಥಿ ಗೊತ್ತದ. ಹೊಸಬರಿಗೆ ಹೇಳ್ತೀನಿ. ಮದವಿಯಾಗಿ ಎರಡನೇ ವರ್ಷ, ಬಚ್ಚಲದ ಹಾಸಗಲ್ಲಿನ ಮ್ಯಾಲೆ ಕಾಲು ಜಾರಿ, ಹಂಡೇದ ಕಂಠಕ್ಕ ಬಾಯಿ ಬಡಸ್ಕೊಂಡೆ. ಮ್ಯಾಲಿನ ಸಾಲಿನ ನಟ್ಟನಡುವಿನ ಹಲ್ಲು, ಬಲಗಡೇದು, ಅರ್ಧಕ್ಕ ಮುರೀತು. ನಮ್ಮ ಮನಿಯವರು ಸ್ಕೂಟರ್ ಮ್ಯಾಲೆ ಕೂಡಿಸ್ಕೊಂಡು ಒಬ್ಬ ಡಾಕ್ಟರ್ ಕಡೆ ಕರ್ಕೊಂಡು ಹೋದ್ರು. ಅವರ ಹೆಸರು ಬ್ಯಾಡ, ಪಾಪ, ಆಗಿನ ಕಾಲಕ್ಕ ಅವರಿಗೆ ತಿಳದಷ್ಟು ಮಾಡಿದ್ರು. ಬೇರಿನ ಚಿಕಿತ್ಸಾ ಎಲ್ಲಾ ಮುಗದ ಮ್ಯಾಲೆ ಒಂದು ಸಂಜಿ ಮುಂದ ತಾಸುಗಟ್ಟಲೆ ಬಾಯಿ ತೆರಸಿ ಹಲ್ಲು ಅರದ್ರು. ಆಮ್ಯಾಲೆ ಟ್ಯೂಬ್‌ಲೈಟಿನ ಬೆಳಕಿನಾಗ ಒಂದೆರಡು ನಮೂನಿ ಹಲ್ಲು ಹಿಡದು ನೋಡಿ, "ಬಿಳೇದೇ ಹಾಕೂಣ್ರಿ, ವಯಸ್ಸಿನ ಹೆಣ್ಮಗಳು, ಛಂದ ಕಾಣ್ತದ" ಅಂದ್ರು. ನಾನೂ ಹೂಂ ಅಂದೆ. ಬಿಳೇ ಹಲ್ಲು ಯಾರಿಗೆ ಬ್ಯಾಡ?

ಎಂಟು ದಿನಕ್ಕ ಕ್ಯಾಪು ಬಂತು, ಕೂಡಿಸಿದ್ರು. ಮರದಿನ ಮುಂಜಾನೆ ಪಡಸಾಲಿ ಕನ್ನಡಿಯಾಗ ನೋಡಿಕೊಂಡೆ. ಮಣ್ಣಿನ ಗ್ವಾಡಿ ನಡುವ ಒಂದೇ ಕಡೆ ಸುಣ್ಣ ಬಳದಂಗ ಕಾಣ್ತಿತ್ತು. ನಮ್ಮ ಅತ್ತಿಯವರು ಗದ್ದಾ ಹಿಡದು ನೋಡಿ, "ಆಗೂದು ಆತು ಬಿಡವಾ, ಫೋಟೋದಾಗ ಅಷ್ಟ ಬಾಯಿ ತೆರೀಬ್ಯಾಡ" ಅಂದ್ರು. ಅವರು ಕೆಟ್ಟದಕ್ಕ ಅಂದಿದ್ದಲ್ಲ. ಆದ್ರ ಆ ಮಾತು ನನ್ನ ತುಟಿಗೆ ಹೊಲಿಗಿ ಹಾಕಿಬಿಡ್ತು. ಮಗನ ಮುಂಜಿವಿ, ತಂಗಿ ಮದವಿ, ಮಗಳ ಕುಬಸ, ಯಾವ ಅಲ್ಬಮ್ ತೆಗೀರಿ, ನಾ ತುಟಿ ಒತ್ತಿಕೊಂಡು ಸಿಟ್ಟು ಬಂದವರಂಗ ನಿಂತೀನಿ. ನಮ್ಮ ಅಪ್ಪನ ಕಡೀ ದೀಪಾವಳಿ ಫೋಟೋದಾಗ ಅಪ್ಪ ನನ್ನ ಕಡೆ ತಿರುಗಿ "ನಗವಾ ಒಂದು ಸಲ" ಅನ್ನೂದೂ ಹಂಗ ಅದರಾಗ ಸಿಕ್ಕದ. ಅವರ ಬಾಯಿ ತೆರದದ, ನನ್ನದು ಮುಚ್ಚೇದ.

ಈ ಸಲ ಮಗಳು ಹೇಳಿದ ಹೊಸ ಡಾಕ್ಟರ್ ಕಡೆ ಹೋದೆ. ಸಣ್ಣ ವಯಸ್ಸಿನ ಹುಡುಗಿ. ಆಕಿ ನನ್ನ ಹಲ್ಲು ಮುಟ್ಟಲೇ ಇಲ್ಲ. "ಆಂಟಿ, ಈಗ ಸಂಜಿ ಆಗೇದ, ನಾಳೆ ಹತ್ತೂವರಿಗೆ ಬರ್ರಿ. ತುಟಿಗೆ ಏನೂ ಹಚ್ಚಿಕೋಬ್ಯಾಡ್ರಿ" ಅಂತ ಕಳಿಸಿಬಿಟ್ಲು. ಮರದಿನ ಹೋದ್ರ ಕಿಡಕಿ ಕಡೆ ಕುರ್ಚಿ ತಿರುಗಿಸಿ, ನನ್ನ ಗಿಣಿಹಸರ ಸೀರಿ ಮ್ಯಾಲೆ ಬೂದಿ ಬಣ್ಣದ ಅರಿವಿ ಹೊಚ್ಚಿ, ಒಂದು ಗೊಂಚಲು ತೆಗದ್ಲು. ಹದಿನಾರು ಹಲ್ಲು, ಒಂದೊಂದಕ್ಕೂ ಒಂದು ಕಡ್ಡಿ, ಒಂದೊಂದಕ್ಕೂ ಒಂದು ನಂಬರ್. ಮ್ಯಾಚಿಂಗ್ ಸೆಂಟರಿನಾಗ ಫಾಲಿನ ಬಣ್ಣದ ತುಂಡು ಸಾಲಾಗಿ ಅಂಟಿಸಿಟ್ಟಿರ್ತಾರಲ್ಲಾ, ಥೇಟ್ ಹಂಗ.

ಆವಾಗ ನನಗ ಥಟ್ಟನೆ ಹೊಳೀತು. ನಾವೆಲ್ಲಾ ಹುಬ್ಬಳ್ಳಿಗೆ ಹೋಗಿ ಇಳಕಲ್ ಸೀರಿಗೆ ಖಣ ಹೊಂದಿಸೋವಾಗ ಏನ್ ಮಾಡ್ತೀವಿ? ಅಂಗಡಿಯಾಗ ಎಷ್ಟು ಲೈಟ್ ಹಾಕಿದ್ರೂ ನಂಬೂದಿಲ್ಲ. ಸೀರಿ, ಖಣ ಎರಡೂ ಹಿಡಕೊಂಡು ಬಾಗಿಲಿಗೆ ಬರ್ತೀವಿ, ಬಿಸಲಿಗೆ ಹಿಡೀತೀವಿ. ಒಳಗ ಒಂದೇ ಕಂಡ ಎರಡು ಬಣ್ಣ ಹೊರಗ ಬ್ಯಾರೆ ಬ್ಯಾರೆ ಆಗ್ತಾವ. ಇದಕ್ಕ ಶಾಸ್ತ್ರದಾಗ ಮೆಟಾಮೆರಿಸಂ ಅಂತ ಹೆಸರದ. ಎರಡು ವಸ್ತು ಒಂದು ಬೆಳಕಿನಾಗ ಕೂಡಿಬಂದು, ಇನ್ನೊಂದು ಬೆಳಕಿನಾಗ ಬಿಟ್ಟುಹೋಗೂದು. ಹತ್ತು ರೂಪಾಯಿ ಫಾಲಿಗೆ ಹತ್ತು ಸಲ ಬಾಗಿಲಿಗೆ ಓಡೋ ನಾನು, ಬಾಯಾಗ ಜೀವನಪೂರ್ತಿ ಇರೋ ಹಲ್ಲಿಗೆ ಟ್ಯೂಬ್‌ಲೈಟಿನಾಗ ಹೂಂ ಅಂದಿದ್ನಲ್ಲಾ!

ಹೊಸ ಹಲ್ಲು ಬರೋ ತನಕ ಹದಿನೈದು ದಿನ ತಾತ್ಪೂರ್ತಿಕ ಹಲ್ಲು ಇಟ್ಟಿದ್ರು. ಕಡೀಲಿಕ್ಕೆ ಬರಂಗಿಲ್ಲ, ಹೊರಗ ಹೋಗ್ಲಿಕ್ಕೆ ನಾಚಿಕಿ. ಕೂತು ಓದಿದೆ. ಈ ಹದಿನಾರು ಹಲ್ಲಿನ ಗೊಂಚಲು ಎಲ್ಲಿಂದ ಬಂತು ಅಂತ ಹುಡುಕಿಕೋತ ಹೋದ್ರ, ಸೀತಾಫಲದ ಬೀಜದಂಗ ಒಂದರ ಹಿಂದ ಒಂದು ಕಥಿ.

ಮೊದಲ ತಿಳಕೋಬೇಕಾದ್ದು ಏನಪಾ ಅಂದ್ರ, ಹಲ್ಲಿಗೆ ಹಲ್ಲಿನ ಬಣ್ಣಾನೇ ಇರಬೇಕು ಅನ್ನೂದು ಹಳೇ ಆಶಾ ಅಲ್ಲ. ಇಟಲಿಯೊಳಗ ರೋಮನ್ನರಕಿಂತ ಮೊದಲಿದ್ದ ಎಟ್ರುಸ್ಕನ್ ಮಂದಿ ಸುಮಾರು 2,600 ವರ್ಷದ ಹಿಂದ ಬಂಗಾರದ ಪಟ್ಟಿ ಹಾಕಿ ಹಲ್ಲು ಕಟ್ಟಿಸ್ಕೋತಿದ್ರು. ಅವರ ಗೋರಿಯೊಳಗ ಸಿಕ್ಕ ಪಟ್ಟಿ ಹೆಚ್ಚಾಗಿ ಹೆಂಗಸರವು. ಮುಚ್ಚೂದಲ್ಲ, ಮೆರಸೂದು. ಜಪಾನಿನಾಗ ಲಗ್ನ ಆದ ಹೆಣ್ಮಕ್ಕಳು ಹಲ್ಲು ಕರಗ ಮಾಡ್ಕೋತಿದ್ರು, ಓಹಗುರೋ ಅಂತ ಅದಕ್ಕ. ಕಬ್ಬಿಣದ ಚೂರು ಹುಳಿನೀರಿನಾಗ ನೆನಸಿ, ಅದಕ್ಕ ಒಗರಿನ ಪುಡಿ ಕೂಡಿಸಿ ಹಲ್ಲಿಗೆ ಹಚ್ಚೂದು. ನಿಮಗ ಇದು ತಿಳೀಲಿಕ್ಕೆ ರಸಾಯನಶಾಸ್ತ್ರ ಬ್ಯಾಡ. ಕಬ್ಬಿಣದ ಬುಟ್ಟಿಯಾಗ ನೆಲ್ಲಿಕಾಯಿ ಹಾಕಿಟ್ರ ಮರದಿನ ಎಷ್ಟು ಕರಗ ಆಗಿರ್ತದ, ಅದೇ ಆಟ. 1870ರಾಗ ಅಲ್ಲಿ ಸರಕಾರ ದೊಡ್ಡ ಮನೆತನದವರಿಗೆ ಇದನ್ನ ನಿಷೇಧ ಮಾಡ್ತು. 1873ರಾಗ ಮಹಾರಾಣಿಯೇ ಬಿಳೇ ಹಲ್ಲಿಲೆ ಮಂದಿ ಮುಂದ ಬಂದ್ಲು. ಅಲ್ಲಿಂದ ಕರೇ ಹಲ್ಲು ಹಳ್ಳಿಯವರದು, ಬಿಳೇ ಹಲ್ಲು ಸುಧಾರಿಸಿದವರದು ಅಂತ ಆತು. ನಮ್ಮ ಅಜ್ಜಿ ದಿನಾ ಮುಂಜಾನೆ ಮಿಶ್ರಿ ತಿಕ್ಕೋತ ಹಿತ್ತಲದಾಗ ಕೂಡ್ತಿದ್ಲು. ಆಕಿ ಹಲ್ಲು ಹಳೇ ಹುಣಸಿ ಬೀಜದಂಗ ಇದ್ದವು. ಆಕಿಯಷ್ಟು ಬಾಯಿತುಂಬ ನಗೋ ಹೆಂಗಸನ್ನ ನಾ ಮತ್ತ ನೋಡಿಲ್ಲ. (ಹಂಗಂತ ಮಿಶ್ರಿ ಹಚ್ರಿ ಅಂತ ಹೇಳಾಕತ್ತಿಲ್ಲ ಮತ್ತ. ಅದು ತಂಬಾಕು.)

ಯುರೋಪ್, ಅಮೆರಿಕಾದೊಳಗ ಕಟ್ಟಿಸಿದ ಹಲ್ಲು ಅಂದ್ರ ಭಾಳ ದಿನ ಪ್ರಾಣಿ ದಂತದ್ದು. ಆನಿದು, ನೀರುಕುದುರಿದು, ವಾಲ್ರಸ್ಸಿಂದು. ಅಮೆರಿಕಾದ ಮೊದಲನೇ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನಂದು ಕಟ್ಟಿಗಿ ಹಲ್ಲು ಅಂತ ಎಲ್ಲಾರೂ ಹೇಳ್ತಾರ, ಅದು ಸುಳ್ಳು. ಅವು ನೀರುಕುದುರಿ ದಂತ, ಮನಷಾರ ಹಲ್ಲು, ಬಂಗಾರ, ಸೀಸ ಕೂಡಿಸಿ ಮಾಡಿದ್ದು. ದಂತ ಕಲೆ ಹಿಡದು ಗೀರು ಗೀರಾಗಿ ಕಟ್ಟಿಗಿ ಕಂಡಂಗ ಕಾಣ್ತಿತ್ತು, ಅಷ್ಟ. 1789ರಾಗ ಅಧ್ಯಕ್ಷ ಆಗೋವಾಗ ಅವನ ಬಾಯಾಗ ಸ್ವಂತ ಹಲ್ಲು ಒಂದೇ ಒಂದು ಉಳದಿತ್ತು. ಅವನ ಹಲ್ಲಿನ ವೈದ್ಯ ಜಾನ್ ಗ್ರೀನ್‌ವುಡ್ ಬರದ ಪತ್ರ ಇವತ್ತಿಗೂ ಅವ. ನೀವು ಕಳಿಸಿದ ಹಲ್ಲು ಕರಗ ಆಗ್ಯಾವ, ಒಂದೋ ಪೋರ್ಟ್ ವೈನಿನಾಗ ನೆನಸೀರಿ, ಇಲ್ಲಾ ಕುಡದೀರಿ ಅಂತ ಬೈತಾನ. ಅದೂ ದೇಶದ ಮುಖ್ಯಸ್ಥನಾಗಿದ್ದವನಿಗೆ! ಮತ್ತ ಉಪಾಯಾನೂ ಹೇಳ್ತಾನ. ಕರಗ ಆದ್ರ ಸೀಮೆಸುಣ್ಣ ಹಚ್ಚಿ ಕಡ್ಡೀಲೆ ತಿಕ್ಕೂದು, ಸ್ವಲ್ಪ ಹಳದಿ ಬೇಕು ಅಂದ್ರ ಕುದಿಸಿದ ಸಾರಿನಾಗ ನೆನಸೂದು, ಚಹಾದಾಗ ಮಾತ್ರ ಬ್ಯಾಡ. ನೋಡ್ರಿ, ಹಲ್ಲಿನ ಬಣ್ಣ ಹೊಂದಸೂದು ಆವಾಗ ಅಡಗಿಮನಿ ಕೆಲಸ ಇತ್ತು. ಒಂದು ವಿಷಯ ನನಗ ಹಿಡಸ್ತು. ಬರೇ ಬಿಳೇದು ಮಾಡೂದು ಅಲ್ಲ, ಹಳದಿ ಮಾಡೂದೂ ಬೇಕಾಗ್ತದ ಅಂತ 200 ವರ್ಷದ ಹಿಂದಿನ ವೈದ್ಯನಿಗೆ ಗೊತ್ತಿತ್ತು.

ಬಣ್ಣ ತಾನಾಗೇ ಕೂಡಬೇಕು ಅಂದ್ರ ಇನ್ನೊಬ್ಬರ ಹಲ್ಲು ಬೇಕಾಗ್ತಿತ್ತು. ಇದನ್ನ ಬರೀಲಿಕ್ಕೆ ಕೈ ನಡಗ್ತದ. 1784ರಾಗ ವಾಷಿಂಗ್ಟನ್ ಮನಿ ಲೆಕ್ಕದ ಪುಸ್ತಕದಾಗ ಕರಿಯ ಮಂದಿಗೆ 9 ಹಲ್ಲಿಗೆ 122 ಶಿಲ್ಲಿಂಗ್ ಕೊಟ್ಟಿದ್ದು ಬರದದ. ಆ ಮನ್ಯಾಗ ಕರಿಯರು ಅಂದ್ರ ಗುಲಾಮರು. ಕೊಡೂದಿಲ್ಲ ಅನ್ನೋ ಬಾಯಿ ಅವರಿಗೆ ಎಲ್ಲಿತ್ತು? ಮುಂದ 1815ರಾಗ ವಾಟರ್ಲೂ ಯುದ್ಧದಾಗ ಸತ್ತ ಹುಡುಗರ ಬಾಯಿಂದ ಹಲ್ಲು ಕಿತ್ತು ಮಾರಿದ್ರು. ವಾಟರ್ಲೂ ಹಲ್ಲು ಅಂತ ಅವಕ್ಕ ಹೆಸರೇ ಬಿತ್ತು. ಹದಿನೆಂಟು, ಇಪ್ಪತ್ತು ವರ್ಷದ ಹುಡುಗರ ಗಟ್ಟಿ ಹಲ್ಲು, ಲಂಡನ್ನಿನ ಶ್ರೀಮಂತರ ಬಾಯಾಗ. ಬಣ್ಣ ಭಾಳ ಛಲೋ ಕೂಡಿರಬೇಕು.

ಇದಕ್ಕ ಉತ್ತರ ಬಂದದ್ದು ಕುಂಬಾರಿಕಿ ಕಡೆಯಿಂದ. ಪ್ಯಾರಿಸ್ ಹತ್ರ ಅಲೆಕ್ಸಿಸ್ ದುಶಾತೋ ಅಂತ ಒಬ್ಬ ಔಷಧ ಮಾರೋವ ಇದ್ದ. 1770ರ ದಶಕ. ಔಷಧ ರುಚಿ ನೋಡಿ ನೋಡಿ ಅವನ ದಂತದ ಹಲ್ಲು ಬಣ್ಣ ಕೆಟ್ಟು ನಾತ ಹೊಡೀತಿದ್ದವು. ತಾ ದಿನಾ ಔಷಧ ಅರಿಯೋ ಪಿಂಗಾಣಿ ಕಲಬತ್ತು ಮಾತ್ರ ಎಷ್ಟು ವರ್ಷ ಆದ್ರೂ ಬೆಳ್ಳಗ ಇರ್ತದ ಅನ್ನೂದು ಅವನ ಕಣ್ಣಿಗೆ ಬಿತ್ತು. ಹಂಗಾದ್ರ ಹಲ್ಲೇ ಯಾಕ ಪಿಂಗಾಣೀದು ಆಗಬಾರ್ದು? ಕಾರಖಾನೆಗೆ ಹೋಗಿ ಮಾಡಿಸಿದ. ಸುಟ್ಟಾಗ ಕುಗ್ತಿತ್ತು, ವಕ್ರ ಆಗ್ತಿತ್ತು, ಬಾಯಿಗೆ ಕೂಡ್ತಿದ್ದಿಲ್ಲ. ನಿಕೋಲಾ ದುಬ್ವಾ ದ ಶೆಮಾಂ ಅನ್ನೋ ಹಲ್ಲಿನ ವೈದ್ಯನ ಸಹಾಯದಿಂದ ಕಡೀಕ ಒಂದು ಜತಿ ಕೂಡಿತು. ಮುಂದ ಹೆಸರು, ರಾಜನ ಪರವಾನಗಿ ಎಲ್ಲಾ ಸಿಕ್ಕದ್ದು ವೈದ್ಯನಿಗೆ, 1789ರಾಗ. ಅದೇ ವರ್ಷ ಫ್ರಾನ್ಸಿನಾಗ ಕ್ರಾಂತಿ. ರಾಜನ ತಲಿ ಹೋತು, ವೈದ್ಯ ಹಲ್ಲು ತೊಗೊಂಡು ಲಂಡನ್ನಿಗೆ ಓಡಿಹೋದ. ಈ ಹಲ್ಲು ಕೊಳೀತಿದ್ದಿಲ್ಲ, ನಾತ ಇಲ್ಲ. ಆದ್ರ ಬಣ್ಣ ಚಹಾದ ಬಶಿಯಂಗ ದಟ್ಟ ಬಿಳುಪು, ಬೆಳಕು ಒಳಗ ಹೋಗ್ತಿದ್ದಿಲ್ಲ, ಮಾತಾಡಿದ್ರ ಕಟಕಟ ಸಪ್ಪಳ. 1811ರಾಗ ಥಾಮಸ್ ರೋಲಾಂಡ್‌ಸನ್ ಅನ್ನೋ ವ್ಯಂಗ್ಯಚಿತ್ರಕಾರ ಇದರ ಚಿತ್ರ ತೆಗದಾನ. ಒಬ್ಬ ದಪ್ಪನ್ನ ಹೆಂಗಸು ಬಾಯಿ ಅಗಲ ಮಾಡ್ಯಾಳ, ವೈದ್ಯ ಆಕಿ ಹಲ್ಲು ತೋರಿಸಿ ಗಿರಾಕಿ ಕರೀಲಿಕ್ಕತ್ಯಾನ. ಆ ಹಲ್ಲಿನ ಸಾಲು ನೋಡಿದ್ರ ನನಗ ನನ್ನ ಕ್ಯಾಪೇ ನೆನಪಾತು.

ನಡುವ ಒಂದು ಮಾತು. ಅದೇ ಪ್ಯಾರಿಸ್‌ನಾಗ 1787ರಾಗ ಎಲಿಜಬೆತ್ ವಿಜೆ ಲ ಬ್ರಂ ಅನ್ನೋ ಚಿತ್ರಕಾರಳು ಮಗಳನ್ನ ಅಪ್ಪಿಕೊಂಡ ತನ್ನ ಚಿತ್ರ ತಾನೇ ಬರದು ಪ್ರದರ್ಶನಕ್ಕ ಇಟ್ಲು. ಅದರಾಗ ತುಟಿ ಸ್ವಲ್ಪೇ ತೆರದು ಹಲ್ಲು ಕಾಣೂ ಹಂಗ ನಕ್ಕಾಳ. ಅಷ್ಟಕ್ಕ ಊರಾಗ ಗುಲ್ಲು! ಮರ್ಯಾದಸ್ಥರು ಹಲ್ಲು ತೋರಸ್ತಾರೇನು ಅಂತ. ನಗೋ ಹೆಂಗಸಿಗೆ "ಬಾಯಿ ಮುಚ್ಚು" ಅನ್ನೋರು ಬರೇ ನಮ್ಮ ಓಣಿಯಾಗಷ್ಟ ಇಲ್ಲ ಅಂತ ಸಮಾಧಾನ ಆತು.

ಪಿಂಗಾಣಿ ಹಲ್ಲು ಹಲ್ಲಿನ ಬಣ್ಣಕ್ಕ ಹತ್ರ ಬಂದದ್ದು ಮೆಲ್ಲಕ. 1808ರಾಗ ಜ್ಯೂಸೆಪ್ಪಾಂಜೆಲೋ ಫೋಂಝಿ ಅನ್ನೋ ಇಟಲಿಯವ ಪ್ಯಾರಿಸ್‌ನಾಗ ಬಿಡಿ ಬಿಡಿ ಹಲ್ಲು ಮಾಡಿ ತೋರಿಸಿದ. ಪೂರಾ ಸಾಲು ಒಂದೇ ಅಚ್ಚಿನಾಗ ಸುಡೂದು ಬಿಟ್ಟು ಒಂದೊಂದಾಗಿ. ಹಂಗಾಗಿ ಒಂದೊಂದಕ್ಕ ಒಂದೊಂದು ಛಾಯಾ ಕೊಡ್ಲಿಕ್ಕೆ ಬಂತು. ಬಣ್ಣಕ್ಕ ಲೋಹದ ಭಸ್ಮ. ಕಬ್ಬಿಣದಿಂದ ಕಂದು, ಟೈಟಾನಿಯಂದಿಂದ ಹಳದಿಗಂದು, ಕೋಬಾಲ್ಟಿನಿಂದ ನೀಲಿ. ಇವತ್ತಿಗೂ ಪಿಂಗಾಣಿಗೆ ಬಣ್ಣ ಹಿಂಗೇ ಕೊಡ್ತಾರ. 1825ರಾಗ ಫಿಲಡೆಲ್ಫಿಯಾದಾಗ ಸ್ಯಾಮ್ಯುಯೆಲ್ ಸ್ಟಾಕ್ಟನ್ ಅನ್ನೋವ ಹಲ್ಲಿನ ಕಾರಖಾನೆ ಸುರು ಮಾಡಿದ. 1838ರಾಗ ಎಲಿಯಾಸ್ ವೈಲ್ಡ್‌ಮನ್ ಅನ್ನೋವ ಬೆಳಕು ಒಳಗ ಹಾಯೋ ಅಂಥಾ ಪಿಂಗಾಣಿ ಮಾಡಿದ. ಈ ಕಡೀದ್ದೇ ದೊಡ್ಡ ಮಾತು, ಯಾಕ ಅಂತ ಹೇಳ್ತೀನಿ.

ಹಲ್ಲಿಗೆ ಬಣ್ಣ ಅನ್ನೂದು ಗ್ವಾಡಿಗೆ ಬಳದಂಗ ಮ್ಯಾಲೆ ಕೂತಿರೂದಿಲ್ಲ. ಮ್ಯಾಲಿನ ಪದರು ಎನಾಮೆಲ್, ಅದು ಸಾಬೂದಾಣಿ ಬೆಂದಾಗ ಹ್ಯಾಂಗ ಕಾಣ್ತದ ಹಂಗ, ಅರ್ಧ ಪಾರದರ್ಶಕ. ಅದರ ಕೆಳಗ ಡೆಂಟಿನ್, ಅದು ಹಳದಿ. ನಾವು ನೋಡೂದು ಸಾಬೂದಾಣಿ ಒಳಗಿಂದ ಕಾಣೋ ಹಳದಿ. ಹಲ್ಲಿನ ತುದಿಗೆ ಡೆಂಟಿನ್ ಇರೂದಿಲ್ಲ, ಅಲ್ಲೆ ಸ್ವಲ್ಪ ನೀಲಿ-ಬೂದಿ. ಒಸಡಿನ ಹತ್ರ ಎನಾಮೆಲ್ ತೆಳ್ಳಗ, ಅಲ್ಲೆ ಹಳದಿ ಜಾಸ್ತಿ. ಕೋರೆಹಲ್ಲು ಎಲ್ಲಾರಿಗೂ ಮುಂದಿನ ಹಲ್ಲಿಗಿಂತ ಒಂದು ಛಾಯಾ ಹಳದೀನೇ. ಬೇಕಾದ್ರ ಈಗ ಹೋಗಿ ಕನ್ನಡಿ ನೋಡಿ ಬರ್ರಿ. ವಯಸ್ಸಾದಂಗ ಎನಾಮೆಲ್ ಸವೀತದ, ಒಳಗಿನ ಡೆಂಟಿನ್ ದಪ್ಪ ಆಗ್ತದ, ಹಲ್ಲು ಕೆಂಪಗ ಹಳದಿ ಆಗ್ಕೋತ ಹೋಗ್ತದ. ಅಂದ್ರ ಒಂದು ಹಲ್ಲಿನಾಗ ಮೂರು ನಾಲ್ಕು ಬಣ್ಣ ಅವ. ಒಂದೇ ಬಣ್ಣದ ಕ್ಯಾಪು ಎಷ್ಟೇ ಛಲೋ ಬಣ್ಣದ್ದಿದ್ರೂ ಪರಕೀನೇ. ಮತ್ತ ಇನ್ನೊಂದು. ಬಾಯಿ ತೆರದು ಹತ್ತು ನಿಮಿಷ ಕೂತ್ರ ಸಾಕು, ಉಗುಳು ಆರಿ ಹಲ್ಲು ಒಣಗಿ ಬೆಳ್ಳಗ ಕಾಣ್ತದ. ನೀರು ಹಾಕಿದ ಅಂಗಳ ಮತ್ತು ಒಣಗಿದ ಅಂಗಳ ನೆನಸ್ಕೋರಿ. ಅದಕ್ಕ ಬಣ್ಣ ನೋಡೂದು ಎಲ್ಲಾ ಕೆಲಸಕ್ಕಿಂತ ಮೊದಲ. ನನಗ ಅವರು ತಾಸು ಅರದ ಮ್ಯಾಲೆ ನೋಡಿದ್ರು. ಒಣಗಿದ ಹಲ್ಲಿಗೆ ಹೊಂದಿಸಿದ್ರು. ಮನಿಗೆ ಬಂದು ನೀರು ಕುಡದ ಕೂಡ್ಲೇ ಬಾಕಿ ಹಲ್ಲೆಲ್ಲಾ ತಮ್ಮ ಬಣ್ಣಕ್ಕ ಹೋದವು, ಕ್ಯಾಪು ಒಂದೇ ಹಂಗ ಉಳೀತು. ಇಪ್ಪತ್ತೇಳು ವರ್ಷದ ಮ್ಯಾಲೆ ಇದು ತಿಳದಾಗ ಅಳಬೇಕೋ ನಗಬೇಕೋ ಗೊತ್ತಾಗ್ಲಿಲ್ಲ.

ಬಾಯಾಗಿನ ಹಲ್ಲು ಹಂಗೇ ಇಟ್ಟು ಅದರ ಮ್ಯಾಲೆ ಪಿಂಗಾಣಿ ಅಂಗಿ ತೊಡಸೋದು ಅಮೆರಿಕಾದ ಡೆಟ್ರಾಯಿಟ್ ಊರಿನ ಚಾರ್ಲ್ಸ್ ಲ್ಯಾಂಡ್ ಅನ್ನೋ ವೈದ್ಯನ ಕೆಲಸ. ಪ್ಲಾಟಿನಂ ತಗಡು ಹಲ್ಲಿಗೆ ಸುತ್ತಿ ಅಚ್ಚು ತೆಗದು, ಅದರ ಮ್ಯಾಲೆ ಪಿಂಗಾಣಿ ಸುಡೂದು. 1903ರ ಸುಮಾರಿಗೆ ಇದಕ್ಕ ಜಾಕೆಟ್ ಕ್ರೌನ್ ಅಂತ ಹೆಸರಾತು. ಲೋಹ ಇಲ್ಲ, ಹಂಗಾಗಿ ನೋಡ್ಲಿಕ್ಕೆ ಭಾಳ ಛಂದ, ಆದ್ರ ಒಡೀತಿತ್ತು. ಈ ಲ್ಯಾಂಡ್ ಅವರ ಮಗಳ ಮಗನೇ 1927ರಾಗ ಒಬ್ಬಾಂವನೇ ಅಟ್ಲಾಂಟಿಕ್ ಸಮುದ್ರ ಹಾರಿದ ಚಾರ್ಲ್ಸ್ ಲಿಂಡ್‌ಬರ್ಗ್. ಸಣ್ಣಾಂವ ಇದ್ದಾಗ ಅಜ್ಜನ ಹಲ್ಲಿನ ಪ್ರಯೋಗಶಾಲಾದಾಗೇ ಆಡಿ ಬೆಳದಾಂವ. ಇದಕ್ಕೂ ನನ್ನ ವಿಷಯಕ್ಕೂ ಸಂಬಂಧ ಇಲ್ಲ, ಆದ್ರ ನಮ್ಮ ಮನಿಯವರಿಗೆ ಇದೊಂದೇ ಭಾಳ ಖುಷಿ ಕೊಟ್ಟಿದ್ದು.

ಸಿನೆಮಾ ಮಂದಿದು ಬ್ಯಾರೆ ಕಥಿ. 1930ರ ಹೊತ್ತಿಗೆ ಹಾಲಿವುಡ್ಡಿನಾಗ ಚಾರ್ಲ್ಸ್ ಪಿಂಕಸ್ ಅನ್ನೋ ವೈದ್ಯ ತೆಳ್ಳನ್ನ ಹಲ್ಲಿನ ಸಿಪ್ಪಿ ಮಾಡಿ, ಹಲ್ಲಿನ ಸೆಟ್ಟಿಗೆ ಹಚ್ಚೋ ಅಂಟಿನ ಪುಡೀಲೆ ಶೂಟಿಂಗ್ ಪೂರ್ತಿ ಅಂಟಿಸ್ತಿದ್ದ. ಶರ್ಲಿ ಟೆಂಪಲ್ ಅನ್ನೋ ಸಣ್ಣ ಹುಡುಗಿ ಹಾಲುಹಲ್ಲು ಬಿದ್ದಾಗೆಲ್ಲಾ ಇಂಥಾ ಸಿಪ್ಪಿ ಹಾಕಿಕೊಂಡೇ ನಕ್ಕಿದ್ದು. ಆ ಕೂಸಿಗೆ ಬೊಚ್ಚುಬಾಯಿ ತೋರಸ್ಲಿಕ್ಕೂ ಬಿಡಲಿಲ್ಲ ನೋಡ್ರಿ.

ಬಣ್ಣಕ್ಕ ಲೆಕ್ಕ ಹಾಕಿ ಕೊಟ್ಟಾಂವ ಮಾತ್ರ ಹಲ್ಲಿನ ವೈದ್ಯ ಅಲ್ಲ, ಚಿತ್ರಕಲಾ ಮಾಸ್ತರ. ಬಾಸ್ಟನ್ನಿನ ಆಲ್ಬರ್ಟ್ ಮನ್ಸೆಲ್. ಹುಡುಗರಿಗೆ ಬಣ್ಣ ಕಲಸೋವಾಗ "ಗಿಣಿಹಸರ", "ಬದನೀಕಾಯಿ ಬಣ್ಣ" ಇಂಥಾ ಹೆಸರಿನಿಂದ ಗೊಂದಲಾ ಆಗ್ತದ ಅಂತ 1905ರಾಗ ಒಂದು ಪುಸ್ತಕ ಬರದ. ಪ್ರತಿ ಬಣ್ಣಕ್ಕ ಮೂರು ಗುಣ ಹೇಳಿದ. ಯಾವ ಬಣ್ಣ ಅನ್ನೂದು ಒಂದು, ಎಷ್ಟು ತಿಳಿ ಇಲ್ಲಾ ಎಷ್ಟು ಕಪ್ಪು ಅನ್ನೂದು ಒಂದು, ಎಷ್ಟು ದಟ್ಟ ಅನ್ನೂದು ಒಂದು. ಅರಿಷಿಣ ಹಾಲಿಗೆ ಹಾಕಿದ್ರೂ ಹಳದಿ, ಎಣ್ಣಿಗೆ ಹಾಕಿದ್ರೂ ಹಳದಿ, ಆದ್ರ ಬಾಕಿ ಎರಡು ಗುಣ ಬ್ಯಾರೆ. 1931ರಾಗ ಬ್ರೂಸ್ ಕ್ಲಾರ್ಕ್ ಅನ್ನೋ ಅಮೆರಿಕಾದ ವೈದ್ಯ ಇದೇ ಅಳತೀಲೆ ಖರೇ ಹಲ್ಲುಗಳ ಬಣ್ಣ ಬರದಿಟ್ಟ. ಹಲ್ಲಿನೊಳಗ ಎಲ್ಲಾದಕ್ಕಿಂತ ಮಹತ್ವದ್ದು ಎರಡನೇ ಗುಣ, ತಿಳಿ-ಕಪ್ಪು. ಹಳದಿ ಸ್ವಲ್ಪ ಹೆಚ್ಚು ಕಡಿಮಿ ಆದ್ರ ಕಣ್ಣು ಕ್ಷಮಾ ಮಾಡ್ತದ, ತಿಳಿ-ಕಪ್ಪು ತಪ್ಪಿದ್ರ ದೂರ ನಿಂತವರಿಗೂ ಗೊತ್ತಾಗ್ತದ. ನನ್ನ ಹಲ್ಲು ಎದುರ ಮನಿ ಕಟ್ಟಿಯಿಂದ ಕಾಣ್ತಿತ್ತಲ್ಲಾ, ಅದಕ್ಕ.

ಯುರೇನಿಯಂ ಕಥಿ ಬಿಟ್ರ ಪಾಪ ಬಂದೀತು. ಖರೇ ಹಲ್ಲಿಗೆ ಒಂದು ಗುಣ ಅದ. ಅತಿನೇರಳೆ ಕಿರಣ ಬಿದ್ರ ತಿಳಿ ನೀಲಿಯಾಗಿ ಮಿನಗ್ತದ. ಪಿಂಗಾಣಿ ಮಿನಗೂದಿಲ್ಲ, ನಾಟಕದ ಸ್ಟೇಜಿನ ಅಂಥಾ ಬೆಳಕಿನಾಗ ಕ್ಯಾಪು ಇದ್ದ ಜಾಗಾ ಹಲ್ಲೇ ಇಲ್ಲದಂಗ ಕರಗ ಕಾಣ್ತಿತ್ತು. ಅದಕ್ಕ ಪಿಂಗಾಣಿಯಾಗ ಯುರೇನಿಯಂ ಕೂಡಿಸಿದ್ರು! ಹೌದ್ರಿ, ಬಾಂಬಿಗೆ ಹಾಕೋ ಅದೇ ಯುರೇನಿಯಂ. ತೂಕದಾಗ ನೂರಕ್ಕ 0.05ಕ್ಕಿಂತ ಜಾಸ್ತಿ ಇರಬಾರ್ದು ಅಂತ ಅಮೆರಿಕಾದಾಗ ಮಿತಿ ಇಟ್ಟಿದ್ರು. ಹೋದ ಶತಮಾನದಾಗ ದಶಕಗಟ್ಟಲೆ ಇದು ನಡೀತು. ಆಮ್ಯಾಲೆ ಬುದ್ಧಿ ಬಂದು ಸೀರಿಯಂ ಮುಂತಾದ ಬ್ಯಾರೆ ಧಾತು ಹಾಕ್ಲಿಕ್ಕತ್ರು. ಬಣ್ಣ ಕೂಡಸೋ ಹಟಕ್ಕ ಮನಷಾ ಎಲ್ಲೀತನಕ ಹೋಗ್ತಾನ ನೋಡ್ರಿ.

ಈಗ ಆ ಗೊಂಚಲಿಗೆ ಬಂದೆ. ಜರ್ಮನಿಯ ವಿಟಾ ಕಂಪನಿ ಅದನ್ನ 1956ರಾಗ ತಂತು. ಹದಿನಾರು ಹಲ್ಲು, ನಾಲ್ಕು ಮನೆತನ. ಎ ಅಂದ್ರ ಕೆಂಪು ಸೇರಿದ ಕಂದು, ಬಿ ಅಂದ್ರ ಹಳದಿ ಕಡೆ, ಸಿ ಬೂದಿ, ಡಿ ಕೆಂಪು ಬೂದಿ. ಎ1, ಎ2, ಎ3, ಎ3.5, ಎ4 ಹಿಂಗ ನಂಬರ್ ಏರಿದಂಗ ಬಣ್ಣ ಗಾಢ. ಇದು ಎಷ್ಟು ಹಬ್ಬಿತು ಅಂದ್ರ ಬ್ಯಾರೆ ಕಂಪನಿಯವರೂ ತಮ್ಮ ಪಿಂಗಾಣಿಗೆ ಇದೇ ನಂಬರ್ ಕೊಡ್ತಾರ. 1962ರಾಗ ಅಮೆರಿಕಾದಾಗ ವೈನ್‌ಸ್ಟೈನ್ ಮತ್ತವರ ಜೊತಿಗಾರರು ಲೋಹದ ಮ್ಯಾಲೆ ಒಡೀದಂಗ ಪಿಂಗಾಣಿ ಸುಡೋ ಪೇಟೆಂಟ್ ತೊಗೊಂಡ್ರು. ಬಿಸಿಗೆ ಲೋಹ ಎಷ್ಟು ಹಿಗ್ತದೋ ಪಿಂಗಾಣೀನೂ ಅಷ್ಟೇ ಹಿಗ್ಗೂ ಹಂಗ ಮಾಡಿದ್ದು ಅದರ ಗುಟ್ಟು. ಗಟ್ಟಿ ಹಲ್ಲು ಬಂತು, ಆದ್ರ ಒಳಗಿನ ಕರೇ ಲೋಹ ಮುಚ್ಚಲಿಕ್ಕೆ ದಟ್ಟ ಬಿಳೇ ಪದರು ಬಳೀಬೇಕು. ಸಾಬೂದಾಣಿ ಹೋಗಿ ಮತ್ತ ಸುಣ್ಣ! ವರ್ಷ ಕಳದಂಗ ಒಸಡು ಹಿಂದ ಸರದ್ರ ಲೋಹದ ಅಂಚು ಬೂದಿ ಗೆರಿಯಾಗಿ ಇಣಕ್ತದ. ನನ್ನದೂ ಇದೇ ಜಾತಿ, ಕಡೀ ಹತ್ತು ವರ್ಷ ಒಸಡಿನ ಹತ್ರ ಕಾಡಿಗಿ ಎಳದಂಗ ಗೆರಿ ಇತ್ತು.

1973ರಾಗ ರಾಬರ್ಟ್ ಸ್ಪ್ರೌಲ್ ಅನ್ನೋ ವೈದ್ಯ, ಈ ಗೊಂಚಲುಗಳಿಗೆ ಹಿಂದುಮುಂದು ಇಲ್ಲ, ಮನ್ಸೆಲ್ ಮಾಸ್ತರ ಹೇಳಿದ ಮೂರು ಗುಣದ ಪ್ರಕಾರ ಜೋಡಸ್ರಿ ಅಂತ ಬರದ. ಅವರು ಕೇಳಿದ್ದು ಅಂಗಡಿಗೆ ಬರಲಿಕ್ಕೆ 25 ವರ್ಷ ಹಿಡೀತು. 1998ರಾಗ ವಿಟಾದವರೇ ತಿಳಿ-ಕಪ್ಪು ಮೊದಲ ಆರಿಸೋ ಹೊಸಾ ಗೊಂಚಲು ತಂದ್ರು, 26 ಹಲ್ಲಿಂದು. ನಮ್ಮ ಡಾಕ್ಟರ್ ಕಡೆ ಹಳೇ ಹದಿನಾರೇ ಇತ್ತು, ಆದ್ರ ಆಕಿ ಅದನ್ನ ಎ, ಬಿ, ಸಿ ಸಾಲಿನಾಗ ಇಟ್ಟಿದ್ದಿಲ್ಲ, ತಿಳಿಯಿಂದ ಗಾಢಕ್ಕ ಜೋಡಿಸಿದ್ಲು. ಬಿ1 ಮೊದಲ, ಸಿ4 ಕಡೀಕ. ಕಣ್ಣು ಅರ್ಧ ಮುಚ್ಚಿ ನನ್ನ ಹಲ್ಲಿನ ಸಾಲಿಗೆ ಒಂದೊಂದೇ ಹಿಡದು, ಐದೈದು ಸೆಕೆಂಡ್ ನೋಡಿ, ನಡುನಡುವ ಬೂದಿ ಅರಿವಿ ಕಡೆ ಕಣ್ಣು ಹಾಯಿಸ್ತಿದ್ಲು. ಜಾಸ್ತಿ ಹೊತ್ತು ನೋಡಿದ್ರ ಕಣ್ಣು ದಣದು ಎಲ್ಲಾ ಒಂದೇ ಕಾಣ್ತಾವಂತ. ಹಸರ ಸೀರಿ ಮುಚ್ಚಿದ್ದೂ ಅದಕ್ಕೇ, ಹಸರ ನೋಡಿ ನೋಡಿ ಕಣ್ಣು ಹಲ್ಲಿನಾಗ ಇಲ್ಲದ ಕೆಂಪು ಹುಡುಕ್ತದ.

ನಮ್ಮ ಮನಿಯವರು ಜೋಡಿ ಬಂದಿದ್ರು. "ಎಲ್ಲಾ ಒಂದೇ ಅವಲ್ಲಾ" ಅಂದ್ರು. ಡಾಕ್ಟರ್ ನಕ್ಕು, ಯುರೋಪಿನ ಗಂಡಸರೊಳಗ ನೂರಕ್ಕ ಸುಮಾರು 8 ಮಂದಿಗೆ ಬಣ್ಣ ಗುರತಿಸೋ ತ್ರಾಸು ಇರ್ತದ, ಹೆಂಗಸರೊಳಗ ಇನ್ನೂರಕ್ಕ ಒಬ್ಬಾಕಿಗೆ ಅಂತ ಹೇಳಿದ್ಲು. ಇವರು ಯುರೋಪಿನವರಲ್ಲ, ಆದ್ರೂ ಇವರು ತರೋ ಫಾಲಿನ ಬಣ್ಣ ನೆನಸಿ ನಾ ಸುಮ್ನ ಕೂತೆ.

ಕಡೀಕ ಆಕಿ ನನಗ ತೋರಿಸಿದ್ದು ಎ3, ಒಸಡಿನ ಹತ್ರ ಎ3.5. ನನಗ ಎದಿ ಧಸಕ್ ಅಂತು. ಕೈಯಾಗ ಹಿಡದ್ರ ಅಷ್ಟು ಹಳದಿ! "ಸ್ವಲ್ಪ ಬಿಳೇದು ಹಾಕವಾ, ಇಷ್ಟು ವರ್ಷ ಅನುಭವಿಸೀನಿ" ಅಂದೆ. ನನ್ನ ಬಾಯಿಂದ ಮತ್ತ ಅದೇ ಮಾತು ಬಂತು. ಆಕಿ ಏನೂ ಅನ್ನಲಿಲ್ಲ. ಬಿ1 ತುಂಡು ತೆಗದು ನನ್ನ ಹಲ್ಲಿನ ಪಕ್ಕ ಹಿಡದು ಕನ್ನಡಿ ಕೊಟ್ಲು. ಮಣ್ಣಿನ ಗ್ವಾಡಿಗೆ ಸುಣ್ಣ. ಎ3 ಹಿಡದು ಕನ್ನಡಿ ಕೊಟ್ಲು. ತುಂಡು ಎಲ್ಲೆ ಸುರು ಆಗಿ ಹಲ್ಲು ಎಲ್ಲೆ ಮುಗೀತು ಅಂತ ನಾನೇ ಹುಡುಕಬೇಕಾತು. ಆ ಹಳದಿ ನನ್ನದೇ.

ಎಡಗಡೆ ಹಲ್ಲಿನ ಮ್ಯಾಲೆ ಕೂದಲೆಳಿಯಷ್ಟು ಒಂದು ಕಂದು ಗೆರಿ ಅದ, ದಿನಕ್ಕ ಐದು ಸಲದ ಚಹಾದ ಕೃಪಾ. ಅದನ್ನೂ ಹೊಸಾ ಹಲ್ಲಿನ ಮ್ಯಾಲೆ ಬರಸ್ತೀನಿ ಅಂದ್ಲು. ತುಂಡು ಪಕ್ಕಕ್ಕಿಟ್ಟು ಫೋಟೋ ತೆಗದ್ಲು, ಒಳಗಿನ ಅರದ ಹಲ್ಲು ಕರಗ ಆಗೇದ ಅಂತ ಅದರ ಬಣ್ಣಾನೂ ಬರದುಕೊಂಡ್ಲು. ಲ್ಯಾಬಿನಾಗ ಒಬ್ಬಾಕಿ ಕುಂಚದಿಂದ ಪದರು ಪದರು ಹಚ್ಚಿ ಸುಡ್ತಾಳಂತ. ಸುಡೋ ಮೊದಲ ಹಿಟ್ಟು ಎಲ್ಲಾ ಒಂದೇ ಕಾಣ್ತದ, ಅದಕ್ಕ ಒಳಗಿನ ಪದರಿನ ಹಿಟ್ಟು ಗುಲಾಬಿ, ಮ್ಯಾಲಿಂದು ನೀಲಿ ಮಾಡಿರ್ತಾರ. ಆ ಬಣ್ಣ ಒಲಿಯಾಗ ಸುಟ್ಟು ಹೋಗ್ತದ, ಖರೇ ಬಣ್ಣ ಆಮ್ಯಾಲೆ ಕಾಣ್ತದ.

ಹೊಸ ಹಲ್ಲು ಕೂಡಿಸಿ ಇವತ್ತಿಗೆ ಒಂಬತ್ತು ದಿನ. ಮನಿಗೆ ಬಂದ ದಿನ ಅತ್ತಿಯವರ ಮುಂದ ಕೂತು, "ನೋಡ್ರಿ, ಯಾವದು ಹೊಸಾದು ಹೇಳ್ರಿ" ಅಂದೆ. ಅವರಿಗೀಗ ಎಂಬತ್ತನಾಲ್ಕು, ಕಣ್ಣಿನ ಪೊರಿ ತೆಗಸ್ಯಾರ, ನನಗಿಂತ ಛಲೋ ಕಾಣ್ತದ. ಅವತ್ತಿನಂಗೇ ಗದ್ದಾ ಹಿಡದು ಕಿಡಕಿ ಕಡೆ ತಿರುಗಿಸಿ ಭಾಳ ಹೊತ್ತು ನೋಡಿದ್ರು. ಎಡಗಡೆ ಹಲ್ಲಿನ ಮ್ಯಾಲೆ ಬೆರಳಿಟ್ಟು, "ಇದು. ಚಹಾದ ಕಲೆ ಬಿದ್ದದ ನೋಡು, ಅಗ್ಗದ್ದು ಹಾಕಿ ಕಳಿಸ್ಯಾರ" ಅಂದ್ರು.

ನಮ್ಮ ವೈನಿಯವರ ಪಾಳಿ ಬರೋ ಗುರುವಾರ, ಅವರದೂ ಮುಂದಿನ ಹಲ್ಲೇ. ವೈನಿ, ಮುಂಜಾನೆ ಹತ್ತಕ್ಕೇ ಹೋಗ್ರಿ, ಆ ಕುಂಕುಮ ಬಣ್ಣದ ಲಿಪ್‌ಸ್ಟಿಕ್ ಬ್ಯಾಡ, ಬೂದಿ ಬಣ್ಣದ ಸೀರಿ ಇಲ್ಲಂದ್ರ ನನ್ನದು ಕಪಾಟಿನಾಗ ಎರಡನೇ ಅರಿಯಾಗದ, ತೊಗೊಂಡು ಹೋಗ್ರಿ. ಫೋಟೋಕ್ಕ ಭಾನುವಾರ ಎಲ್ಲಾರೂ ಬರ್ರಿ, ಕರದಂಟು ಇನ್ನೂ ಅರ್ಧಾ ಡಬ್ಬಿ ಉಳದದ.